ಮೆಟ್ಟಿಲು ಹತ್ತಿ ಬನ್ನಿ

ಅವೆನ್ಯೂ ರಸ್ತೆಯಲ್ಲಿ ತಲೆಯೆತ್ತಿ ನಡೆಯುವುದಕ್ಕೆ ಧೈರ್ಯ ಬೇಕು. ಹಿಂದಿನಿಂದ ಬಟ್ಟೆಯ ಗಂಟು ಹೊತ್ತ ಹಮಾಲಿ, ಮುಂದಿನಿಂದ ಸ್ಕೂಟರು, ಕಾಲ ಬಳಿ ಹಳೆಯ ಪುಸ್ತಕಗಳ ರಾಶಿ. ಆದರೂ ನಾನು ತಲೆಯೆತ್ತಿಯೇ ನಡೆಯುತ್ತೇನೆ. ಬೈಗಳನ್ನೂ ತಿಂದಿದ್ದೇನೆ.

ಕೆಂಪೇಗೌಡನ ಕಾಲದ ದೊಡ್ಡಪೇಟೆಯೇ ಇಂದಿನ ಅವೆನ್ಯೂ ರಸ್ತೆ. ಅವೆನ್ಯೂ ಎಂದರೆ ಸಾಲುಮರದ ಹಾದಿಯಂತೆ! ಈಗ ಮರಗಳ ಸ್ಥಾನದಲ್ಲಿ ಫಲಕಗಳು ಸಾಲುಗಟ್ಟಿವೆ. ಕೆಳಗಿನ ಅಂಗಡಿಯ ಫಲಕ ಗಿರಾಕಿಯನ್ನು ಕೈಹಿಡಿದು ಎಳೆಯುತ್ತದೆ. ಮಹಡಿಯ ಫಲಕವಾದರೋ ಸಂಕೋಚದಿಂದ ಕರೆಯುತ್ತದೆ. ಎರಡು ಅಂಗಡಿಗಳ ನಡುವೆ ಒಬ್ಬರೇ ಹತ್ತಬಹುದಾದ ಕಿರುಮೆಟ್ಟಿಲು. ಅದರ ಬಾಯಲ್ಲಿ, ಬೆರಳು ತೋರುವ ಒಂದು ಕೈಯ ಚಿತ್ರ. ಮೇಲೆ ಲಗ್ನಪತ್ರಿಕೆಯವರು, ರಬ್ಬರ್ ಮೊಹರಿನವರು, ತೆರಿಗೆಯ ಲೆಕ್ಕ ಬರೆಯುವವರು, ಬಂಗಾರ ಕರಗಿಸುವವರು. ಫಲಕದಲ್ಲಿ ಶೇಕಡಾ 60ರಷ್ಟು ಕನ್ನಡವಿರಬೇಕೆಂದು 2024ರಲ್ಲಿ ಕಾನೂನು ಬಂದ ಮೇಲೆ ಹಲವು ಫಲಕಗಳು ಹೊಸ ಬಣ್ಣ ಕಂಡವು. ಒಂದು ಕಡೆ 'ಪಸ್ಟ್ ಪ್ಲೋರ್' ಎಂದು ದಪ್ಪ ಕನ್ನಡದಲ್ಲಿ ಬರೆದಿದ್ದಾರೆ. ಕಾನೂನಿಗೆ ತೃಪ್ತಿಯಾಗಿರಬೇಕು!

ಗಿರಾಕಿಯ ಕಣ್ಣಿಗೆ ಬೀಳದ ಕಡೆ ವ್ಯಾಪಾರವೇಕೆ? ಬಾಡಿಗೆ ಕಡಮೆ ಎನ್ನುವಿರಿ. ನಿಜವೇ. ಆದರೆ ಇನ್ನೊಂದು ಕಾರಣವನ್ನು ನಾನು 1972ರಲ್ಲಿಯೇ ಕಂಡೆ.

ಆಗ ನನಗೆ ಹತ್ತು ವರ್ಷ. ಅಣ್ಣನ ಕಾಲೇಜಿನ ಶುಲ್ಕಕ್ಕೆ ಗಡುವು ಮುಗಿಯುತ್ತಿತ್ತು. ಅಮ್ಮ ನನ್ನನ್ನು ಕರೆದುಕೊಂಡು ಈ ರಸ್ತೆಗೆ ಬಂದಳು.

"ಕೆಳಗೇ ಚಿನ್ನದ ಅಂಗಡಿ ಇದೆಯಲ್ಲಮ್ಮಾ?" ಎಂದೆ.

"ಸುಮ್ಮನೆ ಹತ್ತೋ."

ಕತ್ತಲೆಯ ಮೆಟ್ಟಿಲು, ಹಿಡಿದುಕೊಳ್ಳಲು ಹಗ್ಗ. ಮೇಲೆ ಬಿಳಿಯ ಹಾಸು, ಗಾಜಿನ ಪೆಟ್ಟಿಗೆಯೊಳಗೆ ತಕ್ಕಡಿ. ಮುದುಕರೊಬ್ಬರು ಅಮ್ಮನ ಬಳೆಗಳನ್ನು ಒರೆಗಲ್ಲಿಗೆ ತಿಕ್ಕಿ, "ಅಡವೇ ತಾಯಿ, ಮಾರಾಟವೇ?" ಎಂದರು.

"ಮಾರಾಟವೇ. ಬಡ್ಡಿ ಕಟ್ಟುವ ಶಕ್ತಿಯಿದ್ದರೆ ಇಲ್ಲಿಯವರೆಗೆ ಬರುತ್ತಿರಲಿಲ್ಲ."

ಅವರು ಮತ್ತೇನೂ ಕೇಳಲಿಲ್ಲ. ನೋಟುಗಳನ್ನು ಎರಡು ಸಲ ಎಣಿಸಿ ಕೊಟ್ಟರು.

ಇಳಿದು ಬಂದರೆ ಮೆಟ್ಟಿಲ ಬಾಯಲ್ಲಿ ಎದುರುಮನೆಯ ಪೋಸ್ಟ್ ಮಾಸ್ತರರ ಹೆಂಡತಿ! ಅಮ್ಮನ ಮುಖ ಬಿಳಿಚಿತು. ಮೇಲಿದ್ದ ಲಗ್ನಪತ್ರಿಕೆಯ ಫಲಕವೇ ಆಕೆಯನ್ನು ಕಾಪಾಡಿತು.

"ಪತ್ರಿಕೆಗೆ ಏನು ದರವೆಂದು ವಿಚಾರಿಸಲು ಬಂದಿದ್ದೆ" ಎಂದಳು. ನನ್ನ ತಂಗಿಗೆ ಆಗ ಆರು ವರ್ಷ.

"ನಾನೂ ಅದಕ್ಕೇ ಬಂದೆ ಕಣ್ರೀ" ಎಂದರು ಆಕೆ. ಅವರಿಗೆ ಮಕ್ಕಳೇ ಇರಲಿಲ್ಲ. ಎಡಗೈ ಸೆರಗಿನ ಗಂಟನ್ನು ಬಿಗಿಯಾಗಿ ಹಿಡಿದಿತ್ತು.

ಅಮ್ಮ ಪಕ್ಕಕ್ಕೆ ಸರಿದು ದಾರಿ ಬಿಟ್ಟಳು. ಆಮೇಲೆ ಇಪ್ಪತ್ತು ವರ್ಷ ಇಬ್ಬರೂ ಸಾರು, ಹುಳಿ, ಹಪ್ಪಳ ಬದಲಾಯಿಸಿಕೊಂಡರು. ಆ ಮೆಟ್ಟಿಲ ಮಾತನ್ನು ಮಾತ್ರ ಎತ್ತಲಿಲ್ಲ. ಬಳೆಯಿಲ್ಲದ ಅಮ್ಮನ ಕೈಯನ್ನು ಬೀದಿಯ ಹೆಂಗಸರೆಲ್ಲ ಗಮನಿಸಿದರು. ಕೇಳದೆ ಉಳಿದವರು ಆಕೆಯೊಬ್ಬರೇ.

ಹೋದ ತಿಂಗಳು ಆ ಮೆಟ್ಟಿಲನ್ನು ಹುಡುಕಿ ಹತ್ತಿದೆ. ಹಗ್ಗದ ಬದಲು ಕಬ್ಬಿಣದ ಸರಳು ಬಂದಿದೆ. ಚಿನ್ನದವರಿಲ್ಲ, ಆ ಕೋಣೆಯಲ್ಲಿ ಮೊಬೈಲಿನ ಹೊದಿಕೆಗಳ ಸಗಟು ವ್ಯಾಪಾರ. ಲಗ್ನಪತ್ರಿಕೆಯವರು ಇನ್ನೂ ಇದ್ದಾರೆ.

"ಬನ್ನಿ ಸಾರ್, ಯಾರ ಮದುವೆ?" ಎಂದ ಗಲ್ಲಾದ ಹುಡುಗ.

ಏನು ಹೇಳಲಿ? "ದರ ವಿಚಾರಿಸಲು ಬಂದೆ" ಎಂದೆ. ಸುಳ್ಳು ತೀರ ಬರಿದಾಗಬಾರದೆಂದು, ಅರಿಶಿನ ಬಣ್ಣದ ಇಪ್ಪತ್ತೈದು ಲಕೋಟೆಗಳನ್ನು ಕೊಂಡು ಇಳಿದೆ.