ಮಕ್ಕಳ ಪಕ್ಕದಲ್ಲಿ ಕುಳಿತು ನೋಡಿರಿ

ಕಾರ್ಟೂನ್ ಎಂದೊಡನೆ ಹಿರಿಯರಾದ ನಾವು ಅದು ಮಕ್ಕಳಿಗೆ ಮಾತ್ರ ಸಂಬಂಧಿಸಿದ್ದೆಂದು ಭಾವಿಸುತ್ತೇವೆ. ಮಗು ಹಟಮಾಡದೆ ಉಣ್ಣಲೆಂದು ಪರದೆಯನ್ನು ಅದರ ಮುಂದಿರಿಸಿ ನಮ್ಮ ಕೆಲಸಕ್ಕೆ ತೆರಳುತ್ತೇವೆ. ಆದರೆ ಓದುಗ ಬಂಧುಗಳೇ, ಚಿತ್ರಗಳಿಗೆ ಜೀವ ತುಂಬುವ ಈ ಕಲೆಯಲ್ಲಿ ಮನೆಮಂದಿಯೆಲ್ಲ ಕೂಡಿ ನೋಡಿ ಚಿಂತಿಸಬೇಕಾದ ಕೃತಿಗಳೂ ಉಂಟು. ಅಂತಹ ಎರಡನ್ನು ತಮ್ಮ ಗಮನಕ್ಕೆ ತರಬಯಸುತ್ತೇನೆ.

ಮೊದಲನೆಯದು, ಜಪಾನಿನ ಹಯಾವೊ ಮಿಯಾಝಾಕಿಯವರು 1988ರಲ್ಲಿ ನಿರ್ದೇಶಿಸಿದ ‘ಮೈ ನೇಬರ್ ಟೊಟೊರೊ’. ಸತ್ಸುಕಿ ಮತ್ತು ಮೇ ಎಂಬ ಅಕ್ಕತಂಗಿಯರು ತಂದೆಯೊಡನೆ ಹಳ್ಳಿಯ ಹಳೆಯ ಮನೆಯೊಂದಕ್ಕೆ ಬರುತ್ತಾರೆ. ತಾಯಿ ಆಸ್ಪತ್ರೆಯಲ್ಲಿದ್ದಾಳೆ. ಕಥೆಯಲ್ಲಿ ಖಳನಿಲ್ಲ, ಹೊಡೆದಾಟವಿಲ್ಲ. ತಾಯಿ ಮನೆಗೆ ಬರುವುದು ತಡವಾಗುವುದೆಂದು ತಿಳಿದಾಗ, ಅದುವರೆಗೆ ಧೈರ್ಯದಿಂದಿದ್ದ ಅಕ್ಕ ಬಿಕ್ಕಿ ಬಿಕ್ಕಿ ಅಳುತ್ತಾಳೆ. ಪುಟ್ಟ ತಂಗಿ ಮೆಕ್ಕೆಜೋಳದ ತೆನೆಯೊಂದನ್ನು ಎದೆಗವಚಿಕೊಂಡು, ತಾಯಿಗೆ ಕೊಡಲೆಂದು ಒಬ್ಬಳೇ ಹೊರಡುತ್ತಾಳೆ. ಮಿಯಾಝಾಕಿಯವರ ತಾಯಿಯೂ ಅವರ ಬಾಲ್ಯದಲ್ಲಿ ವರ್ಷಗಟ್ಟಲೆ ಕ್ಷಯದಿಂದ ನರಳಿದ್ದರು.

ನನ್ನ ಸೊಸೆ ಶಸ್ತ್ರಚಿಕಿತ್ಸೆಗಾಗಿ ಆಸ್ಪತ್ರೆಯಲ್ಲಿದ್ದ ದಿನಗಳಲ್ಲಿ ಮೊಮ್ಮಗಳೊಡನೆ ಇದನ್ನು ನೋಡಿದೆನು. ಹತ್ತು ದಿನಗಳಿಂದ ತಾಯಿಯ ಮಾತನ್ನೇ ಎತ್ತದಿದ್ದ ಆ ಆರು ವರ್ಷದ ಮಗು ಚಿತ್ರದ ನಡುವೆ ನನ್ನ ಕೈ ಹಿಡಿದು, “ಅಜ್ಜಾ, ಇವರ ಅವ್ವ ಸಾಯ್ತಾಳೇನು?” ಎಂದು ಕೇಳಿತು. ಆ ಪ್ರಶ್ನೆ ಯಾವ ತಾಯಿಯನ್ನು ಕುರಿತದ್ದೆಂಬುದು ನನಗೆ ತಿಳಿಯದಿರಲಿಲ್ಲ. ಅಂದು ರಾತ್ರಿ ನಾವಿಬ್ಬರೂ ಬಹಳ ಹೊತ್ತು ಮಾತನಾಡಿದೆವು. ಸೊಸೆ ಮುಂದೆ ಗುಣಮುಖಳಾಗಿ ಮನೆಗೆ ಬಂದಳು. ಆದರೆ ಮಗುವಿನ ಎದೆಯಲ್ಲಿ ಹುದುಗಿದ್ದ ಭಯಕ್ಕೆ ಬಾಯಿ ಬಂದದ್ದು ಆ ಚಿತ್ರದಿಂದ.

ಎರಡನೆಯದು, ಹತ್ತು ವರ್ಷ ದಾಟಿದ ಮಕ್ಕಳಿಗೆ ತಕ್ಕದ್ದು: 2005ರಿಂದ 2008ರವರೆಗೆ 61 ಕಂತುಗಳಲ್ಲಿ ಬಂದ ಅಮೆರಿಕದ ‘ಅವತಾರ್: ದಿ ಲಾಸ್ಟ್ ಏರ್‌ಬೆಂಡರ್’. ಲೋಕವನ್ನೇ ಸುಡಲು ಹೊರಟ ಅರಸನನ್ನು ಕೊಲ್ಲುವುದೊಂದೇ ದಾರಿಯೆಂದು ಎಲ್ಲರೂ ಹೇಳಿದರೂ ಬಾಲಕ ಆಂಗ್‌ನ ಮನಸ್ಸು ಒಪ್ಪದು. ಕಡೆಗೆ ಅವನು ಅರಸನ ಶಕ್ತಿಯನ್ನು ಮಾತ್ರ ಕಸಿದು, ಪ್ರಾಣವನ್ನು ಉಳಿಸುತ್ತಾನೆ. ಅವನು ಮಾಡಿದ್ದು ಸರಿಯೇ ಎಂದು ನಿಮ್ಮ ಮಕ್ಕಳನ್ನೇ ಕೇಳಿ ನೋಡಿರಿ.

ಒಂದು ಎಚ್ಚರಿಕೆಯ ಮಾತು. ಟೊಟೊರೊದ ಜೊತೆಗೇ ಬಿಡುಗಡೆಯಾದ, ಇಸಾವೊ ತಕಾಹತಾ ಅವರ ‘ಗ್ರೇವ್ ಆಫ್ ದ ಫೈರ್‌ಫ್ಲೈಸ್’ 1945ರ ಬಾಂಬ್ ದಾಳಿಯಲ್ಲಿ ತಾಯಿಯನ್ನು ಕಳೆದುಕೊಂಡು, ಹಸಿವಿನಿಂದ ಸಾಯುವ ಅಣ್ಣತಂಗಿಯರ ಕಥೆ. ಶ್ರೇಷ್ಠ ಕೃತಿಯಾದರೂ ಎಳೆಯರಿಗಲ್ಲ. ಹಿರಿಯರು ಮೊದಲು ತಾವು ನೋಡಿ ನಿರ್ಧರಿಸುವುದು ಒಳಿತು.

ವಾರಕ್ಕೊಂದು ಸಂಜೆಯನ್ನಾದರೂ ಇದಕ್ಕೆ ಮೀಸಲಿಡಿರಿ. ಮಗು ಪ್ರಶ್ನೆ ಕೇಳುವ ಗಳಿಗೆಯಲ್ಲಿ ನೀವು ಅದರ ಪಕ್ಕದಲ್ಲಿರಬೇಕು.