ಕೊಡಿಕೊಂಡದ ಕವಲಿನಿಂದ: ಒಂದು ಹಳೆಯ ಗಾಲಿಯ ಕಥೆ

ಬೆಂಗಳೂರಿನಿಂದ ಹೈದರಾಬಾದಿನತ್ತ ಸಾಗುವ 44ನೆಯ ರಾಷ್ಟ್ರೀಯ ಹೆದ್ದಾರಿಯು ಬಾಗೇಪಲ್ಲಿಯನ್ನು ಹಿಂದಿಕ್ಕಿ ಆಂಧ್ರದ ನೆಲವನ್ನು ಸೇರುವಲ್ಲಿ ಕೊಡಿಕೊಂಡ ಇದೆ. ಇಂದು ಶ್ರೀ ಸತ್ಯಸಾಯಿ ಜಿಲ್ಲೆಯ ಚಿಲಮತ್ತೂರು ಮಂಡಲಕ್ಕೆ ಸೇರಿದ ಈ ಊರನ್ನು ದಾರಿಹೋಕರು ಹೆಚ್ಚಾಗಿ ಬಲ್ಲುದು ಚೆಕ್‌ಪೋಸ್ಟಿನ ಹೆಸರಿನಿಂದ. ಇಲ್ಲಿ ಹೆದ್ದಾರಿಯಿಂದ ಪಡುವಣಕ್ಕೆ ಒಡೆಯುವ ಕವಲು ಲೇಪಾಕ್ಷಿಯನ್ನು ಹಾದು ಹಿಂದೂಪುರವನ್ನು ಮುಟ್ಟುತ್ತದೆ. ಹಗಲಿರುಳೂ ಲಾರಿಗಳು ಓಡಾಡುವ ದಾರಿಯಾದುದರಿಂದ ಇಲ್ಲಿ ಟಯರಿನ ಮಾತಿಗೇನೂ ಬರವಿಲ್ಲ. ಆದರೂ ಕಳೆದ ಬೇಸಿಗೆಯಲ್ಲಿ ಊರಿನ ಮಗ್ಗುಲಿನ ಒಂದು ಮನೆಯವರಿಗೆ ಬೇಕಾದ ಟಯರು ಇಲ್ಲಿ ಸಿಗಲಿಲ್ಲ. ಅವರಿಗೆ ಬೇಕಾಗಿದ್ದುದು ಒಂದು ಹಳೆಯ ಸೈಕಲ್ಲಿನದು.

ಆ ಮನೆಯ ಹಿರಿಯರು ಮಡಕಶಿರಾ ಸೀಮೆಯ ಕನ್ನಡ ಶಾಲೆಯೊಂದರಲ್ಲಿ ಮೇಷ್ಟರಾಗಿದ್ದವರು. 1953ರಲ್ಲಿ ಆಂಧ್ರ ರಾಜ್ಯ ರಚನೆಯಾದಾಗ ಬಳ್ಳಾರಿ ಜಿಲ್ಲೆಯ ಬಹುಭಾಗ ಮೈಸೂರಿಗೆ ಸೇರಿತು. ಹಿಂದೂಪುರ, ಮಡಕಶಿರಾಗಳು ಅನಂತಪುರ ಜಿಲ್ಲೆಯಲ್ಲಿಯೇ ಉಳಿದವು. ಮೂರು ಕಡೆಯೂ ಕರ್ನಾಟಕವೇ ಸುತ್ತುವರಿದ ಮಡಕಶಿರಾದ ಹಳ್ಳಿಗಳಲ್ಲಿ ಕನ್ನಡ ಮಾತು ನಿಲ್ಲಲಿಲ್ಲ, ಕನ್ನಡದ ಪಾಠವೂ ನಿಲ್ಲಲಿಲ್ಲ. ಬಸ್ಸು ಕಾಣದ ದಾರಿಗಳಲ್ಲಿ ಮೇಷ್ಟರು ಶಾಲೆಗೆ ಹೋಗಿಬಂದುದು ತಮ್ಮ ತಂದೆಯಿಂದ ಬಂದ ಒಂದು ರ‍್ಯಾಲಿ ಸೈಕಲ್ಲಿನ ಮೇಲೆ. ಇಂಗ್ಲೆಂಡಿನ ನಾಟಿಂಗ್‌ಹ್ಯಾಮಿನಲ್ಲಿ ತಯಾರಾದ ಗಾಡಿ ಅದು. ಮುಂದಿನ ಲಾಂಛನದಲ್ಲಿ ಬಕಪಕ್ಷಿಯ ತಲೆ, ಬ್ರೇಕಿಗೆ ತಂತಿಯ ಬದಲು ಕಬ್ಬಿಣದ ಸರಳು, ಮುಂದಿನ ಗಾಲಿಗೆ 32 ಕಡ್ಡಿ, ಹಿಂದಿನದಕ್ಕೆ 40. ನಿವೃತ್ತಿಯ ದಿನ ಬಸ್ಸಿನ ನೆತ್ತಿಯನ್ನೇರಿ ಊರಿಗೆ ಬಂದ ಸೈಕಲ್ಲು ಅಂದಿನಿಂದ ದನದ ಕೊಟ್ಟಿಗೆಯ ಗೋಡೆಗೆ ಒರಗಿಯೇ ಇತ್ತು. ರಬ್ಬರು ಬಿರಿದು, ಒಳಗಿನ ಹತ್ತಿಯ ನೂಲು ಹೊರಗೆ ಇಣುಕುತ್ತಿತ್ತು.

ಗುಜರಿಯವನು ತೂಕದ ಲೆಕ್ಕದಲ್ಲಿ ಬೆಲೆ ಕಟ್ಟಿದ್ದ. ಸೋಮವಾರ ತಕ್ಕಡಿ ತರುವುದಾಗಿಯೂ ಹೇಳಿದ್ದ. ಮನೆಯಲ್ಲಿ ವಿರೋಧಿಸಿದವನು ಒಬ್ಬನೇ, ಆ ವರ್ಷ ಹತ್ತನೆಯ ತರಗತಿಗೆ ಕಾಲಿಡಲಿದ್ದ ಮೊಮ್ಮಗ. ಶಾಲೆಗೆ ತಾನು ಅದರಲ್ಲಿಯೇ ಹೋಗುವೆನೆಂದು ಹಟ ಹಿಡಿದ. "ಗಾಲಿಗೆ ಟಯರು ಸಿಕ್ಕರೆ ಸೈಕಲ್ಲು ನಿನ್ನದು, ಸಿಗದಿದ್ದರೆ ಅವನದು" ಎಂದು ಅವನ ತಾಯಿ ತೀರ್ಪು ಕೊಟ್ಟರು. ಅಜ್ಜ ಏನೂ ಹೇಳಲಿಲ್ಲ.

ಮೊದಲ ಪ್ರಯತ್ನ ವಿಫಲವಾಯಿತು. ಬೆಂಗಳೂರಿನಲ್ಲಿದ್ದ ಸೋದರಮಾವ ಒಳ್ಳೆಯದೊಂದು ಹೊಸ ಟಯರನ್ನು ತಂದುಕೊಟ್ಟ. ಹಳೆಯ ಟಯರಿನ ಪಕ್ಕದಲ್ಲಿ ಮಾಸಿಹೋದ ಅಕ್ಷರಗಳಲ್ಲಿ 28 × 1½ ಎಂದಿತ್ತು. ಹೊಸದರ ಮೇಲೆ 28 × 1.50 ಎಂದಿತ್ತು. ಒಂದೂವರೆಗೂ ಒಂದು ದಶಾಂಶ ಐದು ಸೊನ್ನೆಗೂ ಭೇದವಿಲ್ಲವೆಂದು ಐದನೆಯ ತರಗತಿಯ ಮಗುವೂ ಬಲ್ಲುದು. ಆದರೆ ಟಯರು ಗಾಲಿಯನ್ನು ಏರಲೊಲ್ಲದು. ಒಂದು ಬದಿ ಕೂತರೆ ಇನ್ನೊಂದು ಬದಿ ಎದ್ದು ನಿಲ್ಲುತ್ತಿತ್ತು. ಸ್ಪ್ಯಾನರಿನಿಂದ ಮೀಟಿ ಮೀಟಿ ಕೊನೆಗೆ ಟ್ಯೂಬು ಕಚ್ಚಿಕೊಂಡು ಹರಿಯಿತೇ ಹೊರತು ಟಯರು ಕೂರಲಿಲ್ಲ.

ಕಾರಣ ಹುಡುಕಿದವರು ಅಜ್ಜನೇ. ಹೊಸ ಟಯರಿನ ಮೇಲೆ ಆ ದೊಡ್ಡ ಅಂಕಿಗಳ ಕೆಳಗೆ, ಕಣ್ಣಿಗೆ ಬೀಳದಷ್ಟು ಸಣ್ಣದಾಗಿ, 40-622 ಎಂದು ಇನ್ನೊಂದು ಅಳತೆ ಇತ್ತು. ಜಗತ್ತಿನ ಸೈಕಲ್ ಟಯರುಗಳಿಗೆಲ್ಲ ಈಗ ಅನ್ವಯಿಸುವ ನಿಜವಾದ ಗುರುತು ಅದು. ಮೊದಲನೆಯ ಅಂಕಿ ಟಯರಿನ ಅಗಲ, ಎರಡನೆಯದು ಟಯರಿನ ಅಂಚಿನ ತಂತಿ ರಿಮ್ಮಿನ ಮೇಲೆ ಕೂರುವ ಜಾಗದ ವ್ಯಾಸ, ಎರಡೂ ಮಿಲಿಮೀಟರುಗಳಲ್ಲಿ. 28 ಇಂಚು ಎಂಬುದು ಗಾಳಿ ತುಂಬಿದ ಟಯರಿನ ಹೊರಗಿನ ಎತ್ತರವನ್ನು ಸುಮಾರಾಗಿ ಹೇಳುವ ಹಳೆಯ ಹೆಸರು ಮಾತ್ರ. ಒಂದೇ ಹೆಸರಿನಡಿ ಬೇರೆ ಬೇರೆ ಗಾಲಿಗಳು ಬೆಳೆದುಬಂದವು. ಹಳೆಯ ಬಗೆಯ 28 × 1½ ಟಯರಿನ ನಿಜವಾದ ಗುರುತು 40-635. ಇಂದಿನ ನಗರದ ಸೈಕಲ್ಲುಗಳ 28 × 1.50 ಟಯರಿನದು 40-622. ನಡುವಣ ವ್ಯತ್ಯಾಸ 13 ಮಿಲಿಮೀಟರು. ಅಂಚಿನಲ್ಲಿರುವ ಉಕ್ಕಿನ ತಂತಿ ಹಿಗ್ಗುವುದಿಲ್ಲವಾದುದರಿಂದ ಆ ಒಂದು ಬೆರಳಿನಗಲವನ್ನು ಯಾವ ಬಲವೂ ದಾಟಿಸಲಾರದು. 26 ಇಂಚಿನ ಗಾಲಿಗೂ ಇದೇ ನಿಯಮ: ಭಿನ್ನರಾಶಿಯಲ್ಲಿ ಬರೆದ 26 × 1⅜ಕ್ಕೆ ವ್ಯಾಸ 590, ದಶಾಂಶದಲ್ಲಿ ಬರೆದ 26 × 1.75ಕ್ಕೆ 559. ಗಣಿತದಲ್ಲಿ ಭಿನ್ನರಾಶಿಯೂ ದಶಾಂಶವೂ ಒಂದೇ. ಟಯರಿನ ಅಂಗಡಿಯಲ್ಲಿ ಅವು ಎರಡು ಮನೆತನಗಳು.

ಅಜ್ಜ ಮೊಮ್ಮಗನಿಗೆ ಒಂದು ಹುರಿಯನ್ನು ಕೊಟ್ಟು, ರಿಮ್ಮಿನಲ್ಲಿ ಟಯರಿನ ಅಂಚು ಕೂರುವ ಜಾಗದ ಸುತ್ತ ಬಿಗಿಯಾಗಿ ಸುತ್ತಿಸಿದರು. ಅಳೆದರೆ ಎರಡು ಮೀಟರಿಗೆ ಅರ್ಧ ಸೆಂಟಿಮೀಟರು ಕಡಿಮೆ, ಅಂದರೆ 1995 ಮಿಲಿಮೀಟರು. ಅದನ್ನು 3.1416ರಿಂದ ಭಾಗಿಸಲು ಹುಡುಗನಿಗೆ ಹೇಳಿದರು. 635 ಬಂದಿತು. 622ರ ಗಾಲಿಯಾಗಿದ್ದರೆ ಹುರಿ ಸುಮಾರು 1954 ಮಿಲಿಮೀಟರಿಗೇ ಮುಗಿಯುತ್ತಿತ್ತು. ಹಳೆಯ ಟಯರಿನ ಅಕ್ಷರಗಳು ಪೂರ್ತಿ ಅಳಿಸಿಹೋದ ಮನೆಗಳಲ್ಲಿಯೂ ಈ ಹುರಿಯ ಲೆಕ್ಕ ಸುಳ್ಳಾಗದು.

ಇಷ್ಟೆಲ್ಲ ತೊಡಕು ಹುಟ್ಟಿದ್ದು ಟಯರು ತಾನೇ ಹಂತಹಂತವಾಗಿ ಬೆಳೆದುದರಿಂದ. ಸ್ಕಾಟ್ಲೆಂಡಿನ ರಾಬರ್ಟ್ ವಿಲಿಯಂ ಥಾಮ್ಸನ್ ಗಾಳಿ ತುಂಬಿದ ಚಕ್ರಕ್ಕೆ 1845ರಲ್ಲಿಯೇ ಪೇಟೆಂಟ್ ಪಡೆದಿದ್ದ, ಅದು ಮರೆತುಹೋಯಿತು. 1888ರಲ್ಲಿ ಬೆಲ್‌ಫಾಸ್ಟಿನ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ ತನ್ನ ಮಗನ ಮೂರು ಗಾಲಿಯ ಸೈಕಲ್ಲಿಗಾಗಿ ಅದನ್ನು ಹೊಸದಾಗಿ ಕಂಡುಕೊಂಡ. ಮೊದಮೊದಲು ಟಯರನ್ನು ಗಾಲಿಗೆ ಅಂಟಿಸಬೇಕಾಗಿದ್ದಿತು. 1890ರಲ್ಲಿ ಚಾರ್ಲ್ಸ್ ಕಿಂಗ್‌ಸ್ಟನ್ ವೆಲ್ಚ್ ಅಂಚಿನೊಳಗೆ ತಂತಿಯಿಟ್ಟ ಟಯರನ್ನು ರೂಪಿಸಿದ ಮೇಲೆ ಅದನ್ನು ಕೈಯಿಂದಲೇ ಬಿಚ್ಚಿ ಹಾಕುವುದು ಸಾಧ್ಯವಾಯಿತು. ಬೀದಿಬದಿಯ ಪಂಕ್ಚರ್ ಅಂಗಡಿ ಹುಟ್ಟಿದ್ದು ಆ ತಂತಿಯ ದಯೆಯಿಂದ.

ಶನಿವಾರ ಬೆಳಗ್ಗೆ ಅಜ್ಜನೂ ಮೊಮ್ಮಗನೂ ಹುರಿಯನ್ನು ಜೇಬಿಗಿಳಿಸಿ ಚೆಕ್‌ಪೋಸ್ಟಿನಲ್ಲಿ ಹಿಂದೂಪುರದ ಬಸ್ಸು ಹತ್ತಿದರು. ಬಂಡೆಗಳ ಗುಡ್ಡ, ಹುಣಿಸೆಯ ಮರಗಳು, ನೀರಿಲ್ಲದ ಕೆರೆಯಂಗಳಗಳನ್ನು ಹಾದು ದಾರಿ ಲೇಪಾಕ್ಷಿಗೆ ಬರುತ್ತದೆ. ಒಂದೇ ಬಂಡೆಯಲ್ಲಿ ಕಡೆದ, ಸುಮಾರು 27 ಅಡಿ ಉದ್ದ, 15 ಅಡಿ ಎತ್ತರದ ಬಸವಣ್ಣ ಮಲಗಿರುವುದು ಈ ದಾರಿಯ ಮಗ್ಗುಲಿಗೇ. ಒಳಗಿನ ವೀರಭದ್ರ ದೇವಾಲಯ ವಿಜಯನಗರದ ಅಚ್ಯುತರಾಯನ ಕಾಲದ್ದು. ವಿರುಪಣ್ಣ, ವೀರಣ್ಣ ಎಂಬ ಸೋದರರು ಕಟ್ಟಿಸಿದ್ದು. ಅಲ್ಲಿನ ಕಲ್ಲುಗಳ ಮೇಲೆ ಕನ್ನಡ ಶಾಸನಗಳಿವೆ. ಮೇಷ್ಟರು ಶಾಲೆಯ ಮಕ್ಕಳನ್ನು ಅನೇಕ ಸಲ ಇಲ್ಲಿಗೆ ಕರೆತಂದು ಆ ಅಕ್ಷರಗಳನ್ನು ಬೆರಳಿಟ್ಟು ಓದಿಸಿದ್ದುಂಟು. ಅಂದು ಇಬ್ಬರೂ ಇಳಿಯಲಿಲ್ಲ. ಕೆಲಸ ಮುಂದಿತ್ತು.

ಪೆನ್ನಾರ್ ನದಿಯ ಸೀಮೆಯ ಹಿಂದೂಪುರ ಬೆಲ್ಲ, ಹುಣಿಸೆಹಣ್ಣು, ಮೆಣಸಿನಕಾಯಿ, ರೇಷ್ಮೆಗೂಡುಗಳ ವ್ಯಾಪಾರದ ಊರು. ಪೇಟೆಯ ಮಾತು ತೆಲುಗು. ಲೆಕ್ಕ ಮಾತ್ರ ತೆಲುಗಿನಲ್ಲಿಯೂ ಕನ್ನಡದಲ್ಲಿಯೂ ಸರಾಗವಾಗಿ ನಡೆಯುತ್ತದೆ. ಸುತ್ತಣ ಹಳ್ಳಿಗಳ ಸೊಪ್ಪಿನವರು, ಹಾಲಿನವರು ಸೈಕಲ್ಲನ್ನು ಪೂರ್ತಿ ಬಿಟ್ಟುಕೊಟ್ಟಿಲ್ಲ. ಮೊದಲ ಎರಡು ಅಂಗಡಿಗಳಲ್ಲಿ ಮಕ್ಕಳ ಬಣ್ಣದ ಸೈಕಲ್ಲುಗಳೇ ತುಂಬಿದ್ದವು. ಮೂರನೆಯದು ಇಕ್ಕಟ್ಟಾದ ಹಳೆಯ ಅಂಗಡಿ. ಅಲ್ಲಿನ ಮುದುಕ ಹುರಿಯನ್ನು ನೋಡಲೇ ಇಲ್ಲ. "ಸರಳಿನ ಬ್ರೇಕಿನದೋ?" ಎಂದು ಕೇಳಿ, ಹೌದೆಂದಾಗ ಮೇಲಿನ ಗಳುವಿನಿಂದ ಒಂದು ಟಯರನ್ನು ಕೋಲಿನಿಂದ ಇಳಿಸಿದ. ಅದರ ಪಕ್ಕದಲ್ಲಿ 28 × 1½ ಎಂದೂ, ಕೆಳಗೆ 40-635 ಎಂದೂ ಅಚ್ಚೊತ್ತಿತ್ತು. ಲೂಧಿಯಾನದಲ್ಲಿ ತಯಾರಾದ, ಹತ್ತಿಯ ಬದಲು ನೈಲಾನ್ ನೂಲಿನ ಹೊಸ ಟಯರು. ಹುಡುಗ ಎರಡು ಸಲ ಓದಿ ಖಚಿತಪಡಿಸಿಕೊಂಡ.

ನಾಟಿಂಗ್‌ಹ್ಯಾಮಿನ ಹಳೆಯ ಗಾಲಿಗೆ ಹಿಂದೂಪುರದ ಗಳುವಿನ ಮೇಲೆ ಟಯರು ಕಾದಿದ್ದುದು ಪವಾಡವೇನೂ ಅಲ್ಲ. ಇಂಗ್ಲೆಂಡಿನವರು ಈ ಗಾಲಿಯನ್ನು ಬಹುಮಟ್ಟಿಗೆ ಬಿಟ್ಟರೂ, ಭಾರತದ ಕಾರ್ಖಾನೆಗಳು ಅದೇ ಅಳತೆಯನ್ನು ಹಿಡಿದುಕೊಂಡವು. ಮದರಾಸಿನ ಟಿ.ಐ. ಸೈಕಲ್ಸ್ 1949ರಲ್ಲಿ, ಸೋನೆಪತ್ತಿನ ಅಟ್ಲಾಸ್ 1951ರಲ್ಲಿ, ಲೂಧಿಯಾನದ ಹೀರೋ 1956ರಲ್ಲಿ ಆರಂಭವಾದವು. ಇವರೆಲ್ಲರ ಕಪ್ಪು ಸೈಕಲ್ಲುಗಳು ಓಡಿದ್ದು 635ರ ಗಾಲಿಗಳ ಮೇಲೆ. ಚೀನಾದ ಪ್ರಸಿದ್ಧ ‘ಹಾರುವ ಪಾರಿವಾಳ’ ಸೈಕಲ್ಲಿನದೂ ಇದೇ ಮಾದರಿ. ನೆದರ್ಲೆಂಡ್ಸಿನಲ್ಲಿ ಹಳೆಯ ಬಗೆಯ ಸೈಕಲ್ಲುಗಳಿಗಾಗಿ ಈ ಅಳತೆಯ ಟಯರನ್ನು ಇಂದಿಗೂ ಮಾರುತ್ತಾರೆ. ಹಾಲು, ಸೊಪ್ಪು, ಅಂಚೆ, ಪಾಠ ಎಲ್ಲವನ್ನೂ ಹೊತ್ತ ಸಾಮಾನ್ಯರ ಗಾಡಿಯಾದುದರಿಂದಲೇ ಅದಕ್ಕೆ ಬಿಡಿಭಾಗಗಳು ಉಳಿದಿವೆ. ಶ್ರೀಮಂತರ ವಿರಳ ಸೈಕಲ್ಲುಗಳಿಗೆ ಈ ಭಾಗ್ಯವಿಲ್ಲ. ತಂತಿಯಿಲ್ಲದೆ, ರಿಮ್ಮಿನ ಬಾಗಿದ ಅಂಚಿಗೆ ಕಚ್ಚಿಕೊಳ್ಳುತ್ತಿದ್ದ ಬಹಳ ಹಳೆಯ ಟಯರುಗಳಿಗೆ ಸಾಮಾನ್ಯ ಅಂಗಡಿಯಲ್ಲಿ ಬದಲಿ ಸಿಗದು. ಅಂತಹ ರಿಮ್ಮಿಗೆ ತಂತಿಯ ಟಯರನ್ನು ತೊಡಿಸುವುದು ಅಪಾಯಕರ. ಬಳಕೆಯಲ್ಲಿ ಉಳಿದುದಕ್ಕೆ ಮಾತ್ರ ಬದಲಿ ದೊರೆಯುತ್ತದೆ.

ಟಯರು ಸಿಗದ ಕಾರಣಕ್ಕೆ ಗಾಲಿಯನ್ನೇ ಬದಲಿಸುವವರೂ ಉಂಟು. ಸರಳಿನ ಬ್ರೇಕಿನ ಸೈಕಲ್ಲಿಗೆ ಅದು ಸಲ್ಲದು. ಅದರ ಬ್ರೇಕಿನ ರಬ್ಬರು ರಿಮ್ಮನ್ನು ಬದಿಯಿಂದ ಹಿಡಿಯದೆ ಒಳಮುಖದಿಂದ ಒತ್ತುತ್ತದೆ. ಗಾಲಿ ಚಿಕ್ಕದಾದರೆ ಅಥವಾ ರಿಮ್ಮಿನ ಆಕಾರ ಬೇರೆಯಾದರೆ ಬ್ರೇಕು ತನ್ನ ಜಾಗಕ್ಕೆ ತಾಗುವುದಿಲ್ಲ. ಆದುದರಿಂದ ಗಾಲಿಗೆ ಒಪ್ಪುವ ಟಯರನ್ನು ಹುಡುಕುವುದೇ ಸರಿಯಾದ ದಾರಿ.

ಭಾನುವಾರ ಅಂಗಳದಲ್ಲಿ ಕೆಲಸ ನಡೆಯಿತು. ರಿಮ್ಮಿನ ತುಕ್ಕನ್ನು ಮರಳುಕಾಗದದಿಂದ ಉಜ್ಜಿದರು. ಮೇಲೆದ್ದ ಕಡ್ಡಿಯ ತುದಿಗಳನ್ನು ಅರದಿಂದ ತೇಯ್ದು ಹೊಸ ಪಟ್ಟಿ ಸುತ್ತಿದರು. ಟ್ಯೂಬಿಗೆ ಸ್ವಲ್ಪ ಗಾಳಿ ತುಂಬಿ ಒಳಗಿರಿಸಿ, ಟಯರಿನ ಎರಡನೆಯ ಅಂಚನ್ನು ವಾಲ್ವಿನ ಎದುರು ಬದಿಯಿಂದ ಆರಂಭಿಸಿ ಹೆಬ್ಬೆರಳುಗಳಿಂದ ತಳ್ಳುತ್ತ ಬಂದರು. ಕೊನೆಯ ಗೇಣು ವಾಲ್ವಿನ ಬಳಿಯೇ ಒಳಸರಿಯಿತು, ಸ್ಪ್ಯಾನರ್ ಬೇಕಾಗಲಿಲ್ಲ. ಗಾಳಿ ತುಂಬಿದಂತೆ ಟಯರಿನ ಅಂಚಿನ ಗೆರೆ ರಿಮ್ಮಿನ ಸುತ್ತ ಸಮನಾಗಿ ನಿಂತಿತು. ಪಕ್ಕದಲ್ಲಿ ಅಚ್ಚಾಗಿದ್ದ ಒತ್ತಡವನ್ನು ಮೀರದಂತೆ ಅಜ್ಜ ಎಚ್ಚರಿಸಿದರು.

ಸೋಮವಾರ ಗುಜರಿಯವನು ತಕ್ಕಡಿಯೊಡನೆ ಬಂದಾಗ ಕೊಟ್ಟಿಗೆಯ ಗೋಡೆ ಬರಿದಾಗಿತ್ತು. ಬಿಸಿಲೇರುವ ಮೊದಲೇ ಹುಡುಗ ಸೈಕಲ್ಲು ಹತ್ತಿ ಹೆದ್ದಾರಿಯನ್ನು ತಪ್ಪಿಸುವ ಹಳ್ಳಿಯ ದಾರಿ ಹಿಡಿದಿದ್ದ. ಅಜ್ಜ ಜಗಲಿಯ ಮೇಲೆ ಕುಳಿತು, ಹಳೆಯ ಪುಸ್ತಕದ ಹಾಳೆಯೊಂದರಲ್ಲಿ 40-635 ಎಂದು ದಪ್ಪಕ್ಷರದಲ್ಲಿ ಬರೆದು, ಹುರಿಯೊಡನೆ ಮಡಿಚಿ, ಸೈಕಲ್ಲಿನ ಆಸನದ ಹಿಂದಿನ ತೊಗಲಿನ ಚೀಲಕ್ಕೆಂದು ತೆಗೆದಿರಿಸಿದರು. ಮುಂದಿನ ಟಯರನ್ನು ಕೊಳ್ಳಬೇಕಾದವರಿಗೆ ಅದು ಬೇಕಾಗುವುದು.