ಖಡ್ಗವೂ ಸಂಯಮವೂ

ಆಯುಧವೆಂಬ ಶಬ್ದವನ್ನು ಕೇಳಿದೊಡನೆ, ಅಹಿಂಸೆಯನ್ನು ಮನೆಯ ಧರ್ಮವಾಗಿ ಪಡೆದು ಬಂದವರ ಮನಸ್ಸು ಹಿಂಜರಿಯುವುದು ಸಹಜ. ಕತ್ತಿ, ಈಟಿ, ದೊಣ್ಣೆಗಳ ಪ್ರಯೋಗವನ್ನು ಉತ್ತಮಪಡಿಸಿಕೊಳ್ಳುವುದರಲ್ಲಿ ನೀತಿಯ ವಿಚಾರವೇನಿದೆ ಎಂದು ಕೇಳುವವರೂ ಉಂಟು. ಆದರೆ ಕೊರಿಯಾ ದೇಶದ ಯುದ್ಧಕಲೆಗಳ ಚರಿತ್ರೆಯನ್ನು ತುಸು ಸಾವಧಾನದಿಂದ ಅವಲೋಕಿಸಿದರೆ, ಕೈ ಪಳಗಿದ ಮಾತ್ರಕ್ಕೆ ಮನಸ್ಸೂ ಪಳಗುತ್ತದೆಯೇ ಎಂಬ ಪ್ರಶ್ನೆ ಅಲ್ಲಿ ಮತ್ತೆ ಮತ್ತೆ ಎದುರಾಗಿರುವುದು ಕಂಡುಬರುತ್ತದೆ. ಗೃಹಸ್ಥನಾಗಿ ಬಾಳುವ ಯಾರಿಗಾದರೂ ಈ ಪ್ರಶ್ನೆ ಅನ್ಯವಾದುದಲ್ಲ.

ಕನ್ನಡ ನಾಡಿನ ಗರಡಿಗಳಲ್ಲಿ ವರಸೆ ಎಂದು ಕರೆಯುವುದಕ್ಕೆ ಸಮೀಪವಾದುದನ್ನು ಕೊರಿಯಾದ ಟೇಕ್ವಾಂಡೋ ಕಲೆಯಲ್ಲಿ ಪೂಮ್ಸೆ ಎನ್ನುತ್ತಾರೆ. ಎದುರಾಳಿಯಿಲ್ಲದೆ, ನಿಯತವಾದ ಕ್ರಮದಲ್ಲಿ, ತಡೆ, ಹೊಡೆತ, ಒದೆತ, ತಿರುವುಗಳನ್ನು ಒಬ್ಬನೇ ಮಾಡುವ ಸರಣಿಯದು. ಆರಂಭದ ಅಭ್ಯಾಸಿಗಳಿಗೆ ತೆಗುಕ್ ಎಂಬ 8 ವರಸೆಗಳೂ, ಕಪ್ಪುಪಟ್ಟಿ ಪಡೆದವರಿಗೆ ಮತ್ತೆ 9 ವರಸೆಗಳೂ ಗೊತ್ತುಪಡಿಸಲ್ಪಟ್ಟಿವೆ. 1972ರಲ್ಲಿ ಸಿಯೋಲ್ ನಗರದಲ್ಲಿ ಸ್ಥಾಪಿತವಾದ ಕುಕ್ಕಿವೊನ್ ಈ ಕ್ರಮದ ಕೇಂದ್ರ. ತೆಗುಕ್ ವರಸೆಗಳು ಆಕಾಶ, ಸರೋವರ, ಅಗ್ನಿ, ಗುಡುಗು, ವಾಯು, ಜಲ, ಪರ್ವತ, ಭೂಮಿ ಎಂಬ ಎಂಟು ತತ್ತ್ವಗಳಿಗೆ ಸಂಬಂಧಿಸಿದವು.

ಈ ವರಸೆಗಳನ್ನು ಉತ್ತಮಪಡಿಸಿಕೊಳ್ಳುವ ವಿಧಾನ ಬಹು ಸರಳವಾದುದು, ಆದರೆ ಸುಲಭವಾದುದಲ್ಲ. ವರಸೆಯು ಎಲ್ಲಿ ಆರಂಭವಾಯಿತೋ ಅಲ್ಲಿಗೇ ಮರಳಿ ಮುಗಿಯುವಂತೆ ರಚಿತವಾಗಿರುತ್ತದೆ. ಕೊನೆಯ ಹೆಜ್ಜೆ ಆರಂಭದ ಸ್ಥಳಕ್ಕೆ ಬಾರದಿದ್ದರೆ, ನಡುವೆ ಎಲ್ಲೋ ಒಂದು ಹೆಜ್ಜೆ ಉದ್ದವಾಯಿತು ಅಥವಾ ಗಿಡ್ಡವಾಯಿತು ಎಂದರ್ಥ. ಹಾಗಾದಾಗ ಅಭ್ಯಾಸಿಯು ಇಡೀ ವರಸೆಯನ್ನು ಮತ್ತೆ ವೇಗವಾಗಿ ಮಾಡುವುದರಿಂದ ಪ್ರಯೋಜನವಿಲ್ಲ. ಅದನ್ನು ಎರಡು ಮೂರು ಚಲನೆಗಳ ತುಂಡುಗಳಾಗಿ ಒಡೆದು, ನಿಧಾನವಾಗಿ ಮಾಡಿ, ತಪ್ಪಿದ ಹೆಜ್ಜೆಯನ್ನು ಹುಡುಕಬೇಕಾಗುತ್ತದೆ. ದಿನದ ಕೊನೆಗೆ ಜಮಾ ಖರ್ಚು ತಾಳೆ ನೋಡುವ ವ್ಯಾಪಾರಿಗೆ ಈ ಕ್ರಮ ಹೊಸದೆನಿಸದು. ತಾಳೆಯಾಗದ ಮೊತ್ತ ಅಲ್ಪವಾದರೂ ತಪ್ಪು ಒಂದು ಪುಟದಲ್ಲಿ ಇದ್ದೇ ಇದೆ, ಮತ್ತು ಅದು ಹೊಸ ಪುಟ ಬರೆಯುವುದರಿಂದ ಸರಿಹೋಗುವುದಿಲ್ಲ.

ವರಸೆಗಳ ವಿಶ್ವ ಸ್ಪರ್ಧೆ ಮೊದಲು ನಡೆದದ್ದು 2006ರಲ್ಲಿ, ಸಿಯೋಲ್‌ನಲ್ಲಿಯೇ. ಅಲ್ಲಿ ರೂಢಿಗೆ ಬಂದ ಗಣನೆಯಲ್ಲಿ 10 ಅಂಕಗಳ ಪೈಕಿ 4 ಅಂಕಗಳು ನಿಖರತೆಗೆ ಮೀಸಲು. ಕಾಲಿನ ನಿಲುವಿನಲ್ಲಿಯೋ ಕೈಯ ಸ್ಥಾನದಲ್ಲಿಯೋ ಸಣ್ಣ ದೋಷ ಕಂಡರೆ 0.1, ದೊಡ್ಡ ದೋಷಕ್ಕೆ 0.3 ಕಳೆಯಲಾಗುತ್ತದೆ. ಉಳಿದ 6 ಅಂಕಗಳು ವೇಗ, ಬಲ, ಲಯ, ಅಂತಃಶಕ್ತಿಯ ಅಭಿವ್ಯಕ್ತಿಗಳಿಗೆ. ಕುಮ್‌ಗಾಂಗ್ ಎಂಬ ವರಸೆಯಲ್ಲಿ ಅಭ್ಯಾಸಿಯು ಕೊಕ್ಕರೆಯಂತೆ ಒಂಟಿಕಾಲಿನ ಮೇಲೆ ನಿಂತು ಎರಡೂ ಕೈಗಳಿಂದ ನಿಧಾನವಾಗಿ ತಡೆಯನ್ನು ಮಾಡಬೇಕು. ಕುಮ್‌ಗಾಂಗ್ ಎಂದರೆ ಸಂಸ್ಕೃತದ ವಜ್ರ. ಆ ವಜ್ರಸ್ಥಿತಿಯಲ್ಲಿ ಪಾದದ ಅಲ್ಪ ಕಂಪನವೂ ನೋಡುವವರ ಕಣ್ಣಿಗೆ ಬೀಳುತ್ತದೆ. ಬಲವನ್ನು ಪ್ರದರ್ಶಿಸುವುದಕ್ಕಿಂತ ಅದನ್ನು ತಡೆದು ನಿಲ್ಲುವುದೇ ಕಷ್ಟವೆಂಬುದು ಅಲ್ಲಿ ದೇಹಕ್ಕೇ ತಿಳಿಯುತ್ತದೆ.

ಬರಿಗೈಯ ವರಸೆಯಲ್ಲಿ ಮರೆಯಾಗಿ ಉಳಿಯುವ ದೋಷಗಳನ್ನು ಆಯುಧವು ಬಯಲಿಗೆ ತರುತ್ತದೆ. ಮೊಕ್‌ಗೊಮ್ ಎಂಬ ಮರದ ಕತ್ತಿಯಿಂದ ಖಡ್ಗಾಭ್ಯಾಸ ಆರಂಭ. ಒದ್ದೆ ಬಟ್ಟೆಯನ್ನು ಹಿಂಡುವಂತೆ ಹಿಡಿಯನ್ನು ಹಿಡಿಯಬೇಕೆಂದು ಗುರುಗಳು ಹೇಳುವುದುಂಟು. ಬಿಗಿಹಿಡಿತದಿಂದ ಭುಜ ಸೆಟೆಯುತ್ತದೆ, ಸೆಟೆದ ಭುಜ ಅಲಗಿನ ದಾರಿಯನ್ನು ಕೆಡಿಸುತ್ತದೆ. ಮೊದಲು ಪಾದ, ಆಮೇಲೆ ಸೊಂಟ, ಕೊನೆಗೆ ಕೈ ಎಂಬ ಅನುಕ್ರಮ ತಪ್ಪಿದರೆ ಕತ್ತಿಯ ತುದಿ ಅಲುಗುತ್ತದೆ. ಹೊಡೆತವು ಗೊತ್ತಾದ ಎತ್ತರದಲ್ಲಿ ನಿಲ್ಲಬೇಕು. ಅದಕ್ಕಿಂತ ಕೆಳಗೆ ಜಾರಿದರೆ ಆಯುಧವು ಮನುಷ್ಯನನ್ನು ಎಳೆದೊಯ್ಯಿತು ಎಂದೇ ಲೆಕ್ಕ. ಹೈದೊಂಗ್ ಗುಮ್ದೊ ಎಂಬ ಆಧುನಿಕ ಖಡ್ಗಪದ್ಧತಿಯಲ್ಲಿ ಉರಿಯುವ ಮೇಣದ ಬತ್ತಿಯನ್ನು ಮುಟ್ಟದೆ, ಅಲಗಿನ ಗಾಳಿಯಿಂದಲೇ ಜ್ವಾಲೆಯನ್ನು ಆರಿಸುವ ಪರೀಕ್ಷೆಯಿದೆ. ಅಲಗು ಓರೆಯಾದರೆ ಗಾಳಿ ಚದುರಿ ಜ್ವಾಲೆ ಉಳಿಯುತ್ತದೆ. ಆತುರಪಟ್ಟರೆ ಬತ್ತಿಯೇ ತುಂಡಾಗುತ್ತದೆ.

ಇಷ್ಟರಿಂದ ಆಯುಧಾಭ್ಯಾಸವು ತಾನಾಗಿಯೇ ಸಂಯಮವನ್ನು ಕಲಿಸುತ್ತದೆ ಎಂದು ತೀರ್ಮಾನಿಸಿದರೆ ಅವಸರವಾದೀತು. ಈ ಕಲೆಗಳ ಹುಟ್ಟನ್ನೂ ಅವುಗಳನ್ನು ಬೆಳೆಸಿದವರ ಬಾಳನ್ನೂ ಅರಿತ ಮೇಲೆ ತೀರ್ಮಾನಕ್ಕೆ ಬರುವುದು ಉಚಿತ.

1592ರಲ್ಲಿ ಜಪಾನಿನ ಸೈನ್ಯ ಕೊರಿಯಾದ ಮೇಲೆ ದಂಡೆತ್ತಿ ಬಂದಾಗ, ಮೂರು ವಾರಗಳ ಅವಧಿಯಲ್ಲಿಯೇ ರಾಜಧಾನಿ ಶತ್ರುವಶವಾಯಿತು. ಕೊರಿಯಾದ ಯೋಧರು ಬಿಲ್ಲುವಿದ್ಯೆಯಲ್ಲಿ ನಿಪುಣರು. ಆದರೆ ಹತ್ತಿರದ ಹೋರಾಟದ ಶಿಕ್ಷಣ ಅವರಿಗೆ ಸಾಲದಾಗಿತ್ತು. ಆ ಕೊರತೆಯನ್ನು ನೀಗಲು ಹಾನ್ ಗ್ಯೋ ಎಂಬಾತ ಚೀನಾದ ಸೇನಾನಿ ಚೀ ಚೀಗುವಾಂಗನ ಪದ್ಧತಿಯನ್ನು ಆಧರಿಸಿ, 1598ರಲ್ಲಿ 6 ಆಯುಧವಿದ್ಯೆಗಳ ಗ್ರಂಥವೊಂದನ್ನು ಸಿದ್ಧಪಡಿಸಿದ. 1759ರಲ್ಲಿ ಯುವರಾಜ ಸಾದೊ ಅದಕ್ಕೆ 12 ವಿದ್ಯೆಗಳನ್ನು ಸೇರಿಸಿ 18 ಆಗಿಸಿದ. 1790ರಲ್ಲಿ ಸಾದೊನ ಮಗ, ದೊರೆ ಜೊಂಗ್ಜೊ, ಕುದುರೆಯ ಮೇಲಿನ 6 ವಿದ್ಯೆಗಳನ್ನು ಕೂಡಿಸಿ 24 ವಿದ್ಯೆಗಳ ಮುಯೆದೊಬೊತೊಂಗ್‌ಜಿ ಎಂಬ ಸಚಿತ್ರ ಗ್ರಂಥವನ್ನು ಹೊರತಂದ.

ಈ ಗ್ರಂಥದ ರಚನೆ ಗಮನಾರ್ಹವಾದುದು. ಪ್ರತಿಯೊಂದು ನಿಲುವಿಗೂ ಚಿತ್ರ, ಚಿತ್ರಕ್ಕೆ ವಿವರಣೆ, ಕೊನೆಗೆ ಇಡೀ ವರಸೆಯ ಅನುಕ್ರಮದ ನಕ್ಷೆ ಅದರಲ್ಲಿವೆ. ಬೇರೆ ಬೇರೆ ಸೇನಾಶಿಬಿರಗಳಲ್ಲಿ ಒಂದೇ ವಿದ್ಯೆಯನ್ನು ಭಿನ್ನವಾಗಿ ಕಲಿಸುತ್ತಿದ್ದುದನ್ನು ಕಂಡು, ಆ ಭೇದಗಳನ್ನೆಲ್ಲ ಒಂದು ಪಟ್ಟಿಯಲ್ಲಿ ಎದುರುಬದುರಾಗಿ ತೋರಿಸಲಾಗಿದೆ. ಊರಿಗೊಂದು ತೂಕ, ಅಂಗಡಿಗೊಂದು ಅಳತೆ ಇರುವ ಪೇಟೆಯಲ್ಲಿ ಪ್ರಾಮಾಣಿಕ ವ್ಯವಹಾರ ಸಾಧ್ಯವಾಗದಂತೆಯೇ, ಪ್ರಮಾಣವಿಲ್ಲದ ವಿದ್ಯೆಯಲ್ಲಿ ಸುಧಾರಣೆಯೂ ಸಾಧ್ಯವಿಲ್ಲ ಎಂಬುದನ್ನು ಸಂಪಾದಕರು ಅರಿತಿದ್ದರು. ಯೀ ದೊಕ್‌ಮು, ಪಾಕ್ ಜೆಗಾ, ಪೆಕ್ ದೊಂಗ್‌ಸು ಎಂಬವರು ಆ ಸಂಪಾದಕರು. ಮೊದಲಿನ ಇಬ್ಬರು ವಿದ್ವಾಂಸರು ಉಪಪತ್ನಿಯರ ಸಂತಾನವೆಂಬ ಕಾರಣಕ್ಕೆ ಉನ್ನತ ಪದವಿಗಳಿಂದ ವಂಚಿತರಾದವರು. ಜೊಂಗ್ಜೊ ಅವರನ್ನು 1779ರಲ್ಲಿ ತನ್ನ ರಾಜಗ್ರಂಥಾಲಯಕ್ಕೆ ನೇಮಿಸಿದ್ದ. ಪೆಕ್ ದೊಂಗ್‌ಸು ಖಡ್ಗವಿದ್ಯೆಯಲ್ಲಿ ಪರಿಣತ. ದೇಶವನ್ನು ಸುಟ್ಟ ಶತ್ರುವಿನ ಖಡ್ಗವಿದ್ಯೆಗೂ ಅವರು ಗ್ರಂಥದಲ್ಲಿ ಸ್ಥಾನ ಕೊಟ್ಟರು. ಗಿಮ್ ಚೆಗೊನ್ ಎಂಬ ಯೋಧ ಜಪಾನಿಗೆ ಹೋಗಿ ಆ ವಿದ್ಯೆಯನ್ನು ಕಲಿತು ಬಂದ ಸಂಗತಿಯನ್ನು ಮರೆಮಾಚದೆ ದಾಖಲಿಸಿದರು. ಗುಣವು ಎಲ್ಲಿಂದ ಬಂದರೂ ಅದರ ಮೂಲವನ್ನು ಒಪ್ಪಿಕೊಳ್ಳುವ ಈ ಸತ್ಯನಿಷ್ಠೆ ಶ್ಲಾಘನೀಯ. 2017ರಲ್ಲಿ ಯುನೆಸ್ಕೋ ಈ ಗ್ರಂಥವನ್ನು ವಿಶ್ವಸ್ಮೃತಿಯ ಪಟ್ಟಿಗೆ ಸೇರಿಸಿತು.

ಆದರೆ ಇದೇ ಚರಿತ್ರೆಯ ನಡುವೆ ಒಂದು ದಾರುಣ ಘಟನೆಯಿದೆ. 18 ವಿದ್ಯೆಗಳನ್ನು ಕ್ರಮಪಡಿಸಿದ ಯುವರಾಜ ಸಾದೊ ತೀವ್ರವಾದ ಮನೋವ್ಯಾಧಿಗೆ ತುತ್ತಾಗಿದ್ದ. ಅವನ ಪತ್ನಿ ಹ್ಯೆಗ್ಯೊಂಗ್ ಬರೆದಿಟ್ಟ ಸ್ಮರಣೆಗಳಲ್ಲಿ, ಉದ್ವೇಗದ ಗಳಿಗೆಗಳಲ್ಲಿ ಅವನು ಅರಮನೆಯ ಸೇವಕರನ್ನು ಕೊಂದ ಸಂಗತಿಗಳಿವೆ. 1762ರಲ್ಲಿ ಅವನ ತಂದೆ, ದೊರೆ ಯೊಂಗ್ಜೊ, ಅವನನ್ನು ಅಕ್ಕಿಯ ಪೆಟ್ಟಿಗೆಯೊಂದರಲ್ಲಿ ಕೂಡಿಹಾಕಿಸಿದ. ಎಂಟು ದಿನಗಳಲ್ಲಿ ಯುವರಾಜ ಅದರೊಳಗೆ ಪ್ರಾಣಬಿಟ್ಟ. ಆಯುಧದ ಪ್ರತಿಯೊಂದು ನಿಲುವಿಗೂ ಮಿತಿಯನ್ನು ಬರೆಯಿಸಿದವನಿಗೆ ತನ್ನ ಕೈಯ ಮಿತಿ ಉಳಿಯಲಿಲ್ಲ. ರೋಗಿಯಾದವನನ್ನು ನಿಂದಿಸುವುದು ಯಾರಿಗೂ ತರವಲ್ಲ. ಆದರೂ ತಂತ್ರದ ಶುದ್ಧಿಯೇ ಚಿತ್ತದ ಶುದ್ಧಿಯಲ್ಲ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷಿ ಬೇಕಿಲ್ಲ. ಹಿಂಸೆಯ ಮೂಲವನ್ನು ಪ್ರಮಾದದಲ್ಲಿ, ಅಂದರೆ ಎಚ್ಚರ ತಪ್ಪಿದ ಮನೋವಾಕ್ಕಾಯಗಳ ಪ್ರವೃತ್ತಿಯಲ್ಲಿ ಕಂಡ ಜೈನಾಚಾರ್ಯರ ವಿವೇಚನೆಗೆ ಇದು ದೂರವಾದ ಮಾತಲ್ಲ.

ತಂದೆ ಸತ್ತಾಗ ಜೊಂಗ್ಜೊ ಇನ್ನೂ ಬಾಲಕ. ದೊರೆಯಾದ ಮೇಲೆ ಅವನು ತಂದೆಯ ಗ್ರಂಥವನ್ನು ಬಚ್ಚಿಡಲಿಲ್ಲ, ಅದನ್ನು ಪೂರ್ಣಗೊಳಿಸಿದ. ಅವನು ಸ್ವತಃ ಶ್ರೇಷ್ಠ ಬಿಲ್ಲುಗಾರ. 1792ರಲ್ಲಿ 50 ಬಾಣಗಳ ಪೈಕಿ 49 ಬಾಣಗಳನ್ನು ಅವನು ಗುರಿಮುಟ್ಟಿಸಿದ ದಾಖಲೆ ರಾಜವೃತ್ತಾಂತದಲ್ಲಿದೆ. ಕೊನೆಯ ಬಾಣವನ್ನು ಅವನು ಬೇಕೆಂದೇ ಗುರಿಗೆ ಬಿಡಲಿಲ್ಲವೆಂದೂ, ಎಲ್ಲವನ್ನೂ ತನ್ನದಾಗಿಸಿಕೊಳ್ಳುವುದು ಸಜ್ಜನನಿಗೆ ಸಲ್ಲದೆಂಬುದು ಅವನ ಭಾವವಾಗಿತ್ತೆಂದೂ ಕೊರಿಯಾದವರು ಹೇಳುತ್ತಾರೆ. ಪರಿಗ್ರಹಕ್ಕೆ ಪರಿಮಾಣ ಹಾಕಿಕೊಳ್ಳುವ ಗೃಹಸ್ಥನಿಗೆ ಈ ಬಿಟ್ಟ ಬಾಣದ ಅರ್ಥ ಕೂಡಲೇ ಹೊಳೆಯುತ್ತದೆ. ಗಳಿಸಬಲ್ಲವನು ಗಳಿಸದೆ ಬಿಟ್ಟದ್ದು ಮಾತ್ರ ತ್ಯಾಗವೆನಿಸುತ್ತದೆ. ಗುರಿ ಮುಟ್ಟಲಾರದವನ ಬಾಣಕ್ಕೆ ಆ ಹೆಸರು ಸಲ್ಲದು.

ಕೊರಿಯಾದ ಬಿಲ್ಲುಗಾರರು ಇಂದಿಗೂ 145 ಮೀಟರ್ ದೂರದ ಗುರಿಗೆ, ಒಂದು ಸರದಿಗೆ 5 ಬಾಣಗಳಂತೆ ಪ್ರಯೋಗಿಸುತ್ತಾರೆ. ಅವರ ಬಿಲ್ಲುಮನೆಗಳಲ್ಲಿ 9 ನಿಯಮಗಳನ್ನು ಪಾಲಿಸುವ ಸಂಪ್ರದಾಯವಿದೆ. ಬಾಣ ಬಿಡುವಾಗ ಮೌನವಾಗಿರಬೇಕು, ಗೆದ್ದವನ ಮೇಲೆ ಅಸೂಯೆಪಡಬಾರದು, ಪರರ ಬಿಲ್ಲನ್ನು ಎಳೆದು ನೋಡಬಾರದು ಎಂಬವು ಅವುಗಳಲ್ಲಿ ಮೂರು. ಗುರಿ ತಪ್ಪಿದರೆ ಕಾರಣವನ್ನು ತನ್ನಲ್ಲಿಯೇ ಹುಡುಕಬೇಕೆಂಬ ಪ್ರಾಚೀನ ಉಪದೇಶವನ್ನೂ ಅವರು ಆದರಿಸುತ್ತಾರೆ. ಇಲ್ಲಿ ಚಿತ್ತದ ಶಿಕ್ಷಣವು ತಂತ್ರದ ಜೊತೆಗೆ ಪ್ರತ್ಯೇಕವಾಗಿ, ಪ್ರತಿದಿನವೂ ನಡೆಯುತ್ತದೆ. ಕೈ ಪಳಗಿದ ಮೇಲೆ ಅದು ತಾನಾಗಿ ಬಂದೀತೆಂದು ಯಾರೂ ಕಾಯುವುದಿಲ್ಲ.

ಇದಕ್ಕಿಂತಲೂ ಹಳೆಯದು ಸಿಲ್ಲ ರಾಜ್ಯದ ಬೌದ್ಧ ಭಿಕ್ಷು ವೊನ್‌ಗ್ವಾಂಗನ ಉಪದೇಶ. ಸುಮಾರು ಕ್ರಿ. ಶ. 600ರಲ್ಲಿ ಗ್ವಿಸಾನ್ ಮತ್ತು ಚುಹಾಂಗ್ ಎಂಬ ಇಬ್ಬರು ತರುಣರು ಬಾಳಿಗೆ ನಿಯಮಗಳನ್ನು ಬೇಡಿದಾಗ ಅವನು ಐದನ್ನು ಕೊಟ್ಟ. ರಾಜನಿಷ್ಠೆ, ಪಿತೃಭಕ್ತಿ, ಮಿತ್ರರಲ್ಲಿ ವಿಶ್ವಾಸ, ಯುದ್ಧದಲ್ಲಿ ಹಿಮ್ಮೆಟ್ಟದಿರುವುದು ಇವು ನಾಲ್ಕು. ಪ್ರಾಣಹರಣದಲ್ಲಿ ವಿವೇಚನೆ ಎಂಬುದು ಐದನೆಯದು. ಅದರ ಅರ್ಥ ತಿಳಿಯದೆ ಅವರು ಮತ್ತೆ ಕೇಳಿದಾಗ, ಉಪವಾಸದ ಆರು ದಿನಗಳಲ್ಲಿಯೂ ವಸಂತ ಗ್ರೀಷ್ಮಗಳಲ್ಲಿಯೂ ಕೊಲ್ಲಬಾರದು, ಸಾಕಿದ ಪ್ರಾಣಿಗಳನ್ನೂ ಅತಿ ಸಣ್ಣ ಜೀವಿಗಳನ್ನೂ ಕೊಲ್ಲಬಾರದು, ಅಗತ್ಯವನ್ನು ಮೀರಬಾರದು ಎಂದು ಅವನು ವಿವರಿಸಿದ. ಪರ್ವತಿಥಿಗಳನ್ನು ಪಾಲಿಸುವ ಮನೆಯವರಿಗೆ ಇದು ಪರಿಚಿತ ಧ್ವನಿಯಂತೆ ಕೇಳಿಸಬಹುದು. ಆದರೂ ಎರಡನ್ನೂ ಒಂದೆಂದು ಭ್ರಮಿಸಲಾಗದು. ವೊನ್‌ಗ್ವಾಂಗನ ನಿಯಮವು ಸಂಕಲ್ಪಿತ ಹಿಂಸೆಗೆ ಎಲ್ಲೆ ಕಟ್ಟುತ್ತದೆ. ಶ್ರಾವಕನ ಅಣುವ್ರತವು ಸಂಕಲ್ಪಿತ ಹಿಂಸೆಯನ್ನೇ ತ್ಯಜಿಸಿ, ಆತ್ಮರಕ್ಷಣೆ ಮತ್ತು ಆಶ್ರಿತರ ರಕ್ಷಣೆಯಲ್ಲಿ ಅನಿವಾರ್ಯವಾದ ವಿರೋಧೀ ಹಿಂಸೆಯನ್ನು ಗೃಹಸ್ಥನ ಅಶಕ್ತಿಯೆಂದು ಗುರುತಿಸುತ್ತದೆ. ಆ ಇಬ್ಬರು ತರುಣರು 602ರ ಯುದ್ಧದಲ್ಲಿ ಹಿಮ್ಮೆಟ್ಟದೆ ಹೋರಾಡಿ ಮಡಿದರು. ಐದನೆಯ ನಿಯಮ ನಾಲ್ಕನೆಯದನ್ನು ತಡೆಯಲಿಲ್ಲ.

ಇಂದು ಬೆಂಗಳೂರು, ಹುಬ್ಬಳ್ಳಿ, ಬೆಳಗಾವಿ, ಮಂಗಳೂರುಗಳಲ್ಲಿಯೂ ಟೇಕ್ವಾಂಡೋ ತರಗತಿಗಳಿವೆ. ಅಹಿಂಸಾಪರರಾದ ಮನೆಗಳ ಮಕ್ಕಳೂ ಆ ಬಿಳಿಯ ಉಡುಪನ್ನು ತೊಟ್ಟು ಹೋಗುತ್ತಾರೆ. ತರಗತಿಗೆ ಸಮುದಾಯ ಭವನವನ್ನು ಕೊಡಬೇಕೇ ಬೇಡವೇ ಎಂಬ ಪ್ರಶ್ನೆ ವಿಶ್ವಸ್ತ ಮಂಡಳಿಯ ಮುಂದೆಯೂ ಬರಬಹುದು. ಕಲೆಯ ಹೆಸರಿನಿಂದ ಅದನ್ನು ನಿರ್ಣಯಿಸಲು ಬಾರದು. ಗುರುವು ಹೊಡೆತವನ್ನು ಎಷ್ಟು ಕಲಿಸುತ್ತಾನೋ ಅದನ್ನು ನಿಲ್ಲಿಸುವುದನ್ನೂ ಅಷ್ಟೇ ಕಲಿಸುತ್ತಾನೆಯೇ, ಸೋತ ಮಗು ಕಾರಣವನ್ನು ತನ್ನಲ್ಲಿ ಹುಡುಕಲು ಕಲಿಯುತ್ತದೆಯೇ, ಕೋಪಗೊಂಡ ದಿನ ಮಗುವಿನ ಕೈಗೆ ಆಯುಧ ಕೊಡದಿರುವ ವಿವೇಕ ಅಲ್ಲಿದೆಯೇ ಎಂಬುದನ್ನು ತಂದೆತಾಯಿಗಳು ಕೆಲವು ದಿನ ಗೋಡೆಯ ಬಳಿ ಕುಳಿತು ನೋಡಿದರೆ ಉತ್ತರ ಸಿಗುತ್ತದೆ.

ಕಪ್ಪುಪಟ್ಟಿಯವರ ವರಸೆಗಳಲ್ಲಿ ಕೊನೆಯದು ಇಲ್ಯೊ. ಏಕತ್ವ ಎಂಬುದು ಅದರ ಅರ್ಥ. 7ನೆಯ ಶತಮಾನದ ಭಿಕ್ಷು ವೊನ್‌ಹ್ಯೋನ ತತ್ತ್ವಚಿಂತನೆಯನ್ನು ಅದು ಸ್ಮರಿಸುತ್ತದೆ. ಅದನ್ನು ಮಾಡುವವನ ಪಾದಗಳು ನೆಲದ ಮೇಲೆ ಬರೆಯುವ ರೇಖೆ ಬೌದ್ಧರ ಸ್ವಸ್ತಿಕದ ಆಕಾರದ್ದು. ಬಸದಿಯಲ್ಲಿ ಅಕ್ಷತೆಯಿಂದ ಸ್ವಸ್ತಿಕವನ್ನು ಬರೆಯುವ ಕೈಗಳಿಗೆ ಆ ರೇಖೆ ಅಪರಿಚಿತವಲ್ಲ. ಅಕ್ಕಿಯಿಂದ ಬರೆದರೂ ಹೆಜ್ಜೆಯಿಂದ ಬರೆದರೂ, ಗೆರೆಯನ್ನು ನೆಟ್ಟಗೆ ಎಳೆಯುವ ಕೌಶಲ ಒಂದು ಭಾಗ, ಎಳೆಯುವಾಗ ಚಿತ್ತ ಎಲ್ಲಿದೆ ಎಂಬ ಎಚ್ಚರ ಇನ್ನೊಂದು ಭಾಗ. ಎರಡನೆಯದನ್ನು ಕಲಿಸುವ ಹೊಣೆಯನ್ನು ಗರಡಿಯ ಮೇಲೆ ಮಾತ್ರ ಹೊರಿಸದೆ, ಮನೆಯೂ ಹೊರುವುದು ಒಳಿತು.